ಜನನ ಪತ್ರದೊಳಗಿನ ಇನ್ನೊಬ್ಬ



ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಸಾವಿರಾರು ಮಂದಿ ಗಟ್ಟಿಯಾಗಿ ನಂಬಿಕೊಂಡಿರುವ ಒಂದು ಕತೆಯಿದೆ. ಮಗು ಹುಟ್ಟಿದಾಗ ಸರ್ಕಾರ ಕೊಡುವ ಜನನ ಪ್ರಮಾಣಪತ್ರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒಂದು ಹೆಸರು ಅಚ್ಚಾಗಿರುತ್ತದಲ್ಲ, ಅದು ಆ ಮಗುವಿನ ಹೆಸರೇ ಅಲ್ಲ ಎನ್ನುತ್ತದೆ ಈ ಕತೆ. ಅದು ಅದೇ ಹೆಸರಿಟ್ಟು ಸರ್ಕಾರ ಗುಟ್ಟಾಗಿ ಹುಟ್ಟುಹಾಕಿದ ಇನ್ನೊಬ್ಬನದು. ಕಾಗದದ ಮೇಲೆ ಮಾತ್ರ ಇರುವ ಒಂದು ಹುಲ್ಲಿನ ಬೊಂಬೆ ಅವನು. ತೆರಿಗೆ ಕಟ್ಟಬೇಕಾದದ್ದು ಆ ಬೊಂಬೆ, ಬ್ಯಾಂಕಿನಲ್ಲಿ ಸಾಲ ಎತ್ತಿದ್ದು ಆ ಬೊಂಬೆ, ಕೋರ್ಟಿನ ಸಮನ್ಸು ಬರುವುದೂ ಅದಕ್ಕೇ. ರಕ್ತಮಾಂಸದ ಮನುಷ್ಯನಾದ ನಾನು ಆ ಬೊಂಬೆಯಲ್ಲ ಎಂದು ಸರಿಯಾದ ಮಾತಿನಲ್ಲಿ, ಸರಿಯಾದ ಕಾಗದದ ಮೇಲೆ ಬರೆದು ಕಳಿಸಿಬಿಟ್ಟರೆ ಮುಗಿಯಿತು. ಸಾಲ, ತೆರಿಗೆ, ದಂಡ, ಜೈಲು ಯಾವುದೂ ಹತ್ತಿರ ಸುಳಿಯುವುದಿಲ್ಲ.

ಕತೆ ಅಲ್ಲಿಗೇ ನಿಲ್ಲುವುದಿಲ್ಲ. ಆ ಬೊಂಬೆಯ ಹೆಸರಿನಲ್ಲಿ ಅಮೆರಿಕದ ಖಜಾನೆಯಲ್ಲಿ ಒಂದು ಗುಪ್ತ ಖಾತೆಯಿದೆಯಂತೆ, ಅದರಲ್ಲಿ ಲಕ್ಷಾಂತರ ಡಾಲರ್ ಇದೆಯಂತೆ. ಬೊಂಬೆಯ ಮೇಲೆ ಹಕ್ಕು ಸ್ಥಾಪಿಸಿದರೆ ಆ ಹಣವೂ ನಮ್ಮದೇ. ಇದನ್ನು ನಂಬಿದವರು ತಮ್ಮನ್ನು ಸಾವರಿನ್ ಸಿಟಿಜನ್ ಎಂದು, ಕೆನಡಾದಲ್ಲಾದರೆ ಫ್ರೀಮನ್ ಎಂದು ಕರೆದುಕೊಳ್ಳುತ್ತಾರೆ. ಯಾವ ಸರ್ಕಾರದ ಅಧೀನವೂ ಅಲ್ಲದ, ತನಗೆ ತಾನೇ ದೊರೆಯಾದವನು ಎಂಬುದು ಅವರ ಭಾವ.

ಇದನ್ನು ಹುಚ್ಚಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಈ ನಂಬಿಕೆಯಿಂದ ಮನೆ ಕಳೆದುಕೊಂಡವರಿದ್ದಾರೆ, ಜೈಲು ಸೇರಿದವರಿದ್ದಾರೆ, ಪೊಲೀಸರನ್ನು ಕೊಂದು ತಾವೂ ಸತ್ತವರಿದ್ದಾರೆ. ಇವರನ್ನು ಕಾನೂನಿನ ಶತ್ರುಗಳು ಎಂದು ಪತ್ರಿಕೆಗಳು ಬರೆಯುತ್ತವೆ. ಅವರ ಕಾಗದಪತ್ರಗಳನ್ನು ಓದಿದವನಾಗಿ ನನಗೆ ಕಾಣುವುದು ಬೇರೆ. ಕಾನೂನನ್ನು ಇಷ್ಟು ಗಾಢವಾಗಿ ನಂಬಿದ ಜನ ಬೇರೆಲ್ಲೂ ಸಿಗಲಿಕ್ಕಿಲ್ಲ. ಒಂದು ಶಬ್ದ, ಒಂದು ಸಹಿ, ಒಂದು ಮೊಹರು ಮನುಷ್ಯನ ಹಣೆಬರಹವನ್ನೇ ಬದಲಿಸಬಲ್ಲದು ಎಂದು ಅವರು ನಂಬಿದ್ದಾರೆ. ಮಂತ್ರವಾದಿ ಬರೆದುಕೊಟ್ಟ ತಾಯಿತವನ್ನು ನಂಬುವಷ್ಟೇ ಭಕ್ತಿಯಿಂದ ನಂಬಿದ್ದಾರೆ.

ಅಂಥ ಒಂದು ಕಾಗದ ಹೇಗಿರುತ್ತದೆ ಎಂದು ಹೇಳುತ್ತೇನೆ. ಹೆಸರಿನ ನಡುವೆ ಅಡ್ಡಗೆರೆ, ಆಮೇಲೆ ಎರಡು ಚುಕ್ಕೆ, ಅದಾದ ಮೇಲೆ ಮನೆತನದ ಹೆಸರು. ಹೀಗೆ ಬರೆದರೆ ಅದು ಬೊಂಬೆಯ ಹೆಸರಾಗದೆ ಮನುಷ್ಯನ ಹೆಸರಾಗುತ್ತದೆ ಎಂಬ ಲೆಕ್ಕ. ಸಹಿಯ ಪಕ್ಕದಲ್ಲಿ ಕೆಂಪು ಶಾಯಿಯ ಹೆಬ್ಬೆಟ್ಟು. ಮೂಲೆಯಲ್ಲಿ ಅಂಚೆ ಚೀಟಿ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ಸಹಿ. ಬ್ಯಾಂಕಿನಿಂದ ಬಂದ ನೋಟೀಸಾದರೆ ಅದರ ಮೇಲೆಯೇ ಓರೆಯಾಗಿ, ಮೌಲ್ಯಕ್ಕಾಗಿ ಒಪ್ಪಿಕೊಂಡಿದ್ದೇನೆ ಎಂಬ ಒಕ್ಕಣೆ. ಇಷ್ಟಾದರೆ ಸಾಲ ತೀರಿತು. ಕಾರು ಓಡಿಸುವವನು ಪೊಲೀಸರಿಗೆ ತಾನು ಪ್ರಯಾಣ ಮಾಡುತ್ತಿದ್ದೇನೆ ಎನ್ನಬೇಕೇ ಹೊರತು ವಾಹನ ಚಲಾಯಿಸುತ್ತಿದ್ದೇನೆ ಎನ್ನಬಾರದು, ಆಗ ಲೈಸೆನ್ಸು ಬೇಕಿಲ್ಲ. ಕೋರ್ಟಿನ ಮೂಲೆಯಲ್ಲಿ ನಿಲ್ಲಿಸಿರುವ ಬಾವುಟಕ್ಕೆ ಬಂಗಾರದ ಬಣ್ಣದ ಕುಚ್ಚು ಇದ್ದರೆ ಅದು ಸಮುದ್ರದ ಕಾನೂನಿನ ಕೋರ್ಟು, ನೆಲದ ಮೇಲಿನ ಮನುಷ್ಯನನ್ನು ವಿಚಾರಿಸುವ ಅಧಿಕಾರ ಅದಕ್ಕಿಲ್ಲ. ಒಂದೊಂದು ನಿಯಮವನ್ನೂ ಯಾರೋ ಕೂತು ಬರೆದಿದ್ದಾರೆ, ಯಾರೋ ದುಡ್ಡು ಕೊಟ್ಟು ಕಲಿತಿದ್ದಾರೆ.

ಕಾನೂನಿನ ಕಣ್ಣಿನಲ್ಲಿ ವ್ಯಕ್ತಿ ಎಂದರೆ ಯಾರು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಹಳ್ಳಿಯ ಕೇಳುಗರಿಗೆ ಇದು ಹೊಸದೇನಲ್ಲ. ಎಷ್ಟೋ ಊರುಗಳಲ್ಲಿ ಪಹಣಿಯ ಖಾತೆದಾರರ ಕಾಲಮ್ಮಿನಲ್ಲಿ ದೇವರ ಹೆಸರೇ ಇರುತ್ತದೆ. ದೇವರು ಜಮೀನಿನ ಒಡೆಯ. ದೇವರ ಪರವಾಗಿ ದಾವೆ ಹೂಡಬಹುದು, ದೇವರ ಮೇಲೂ ಹೂಡಬಹುದು. ದೇವರ ಮೂರ್ತಿ ಒಬ್ಬ ವ್ಯಕ್ತಿ ಎಂಬ ಈ ಮಾತನ್ನು 1925ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ಲು ಕಲ್ಕತ್ತೆಯ ಒಂದು ಮನೆತನದ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತು. ದೇವರಿಗೆ ಮಾತಾಡಲು ಬಾರದ್ದರಿಂದ ಕಾನೂನು ಅವನನ್ನು ಸದಾಕಾಲ ಅಪ್ರಾಪ್ತ ವಯಸ್ಕನಂತೆ ಕಾಣುತ್ತದೆ, ಅವನ ಪರವಾಗಿ ಬೇರೊಬ್ಬರು ನಿಲ್ಲಬೇಕು. ನಿಮ್ಮೂರಿನ ಹಾಲಿನ ಸಂಘ, ಪತ್ತಿನ ಸಂಘಗಳೂ ಹೀಗೆಯೇ ವ್ಯಕ್ತಿಗಳು. ಸಂಘದ ಅಧ್ಯಕ್ಷರು ತೀರಿಕೊಂಡರೆ ಸಂಘ ತೀರಿಕೊಳ್ಳುವುದಿಲ್ಲ. ಸಂಘ ಮಾಡಿದ ಸಾಲ ಸಂಘದ್ದು.

ಅಂದರೆ ವ್ಯಕ್ತಿ ಎನ್ನುವುದು ಹಕ್ಕು ಮತ್ತು ಹೊಣೆ ನೇತುಹಾಕಲು ಕಾನೂನು ಹೊಡೆದಿರುವ ಒಂದು ಗೂಟ. ಹುಟ್ಟಿದ ಮನುಷ್ಯನಿಗೆ ಅದು ತಾನಾಗಿ ಸಿಗುತ್ತದೆ, ಕಂಪನಿಗೆ ನೋಂದಣಿಯಿಂದ ಸಿಗುತ್ತದೆ. ಆದರೆ ಒಬ್ಬ ಮನುಷ್ಯನಿಗೆ ಇರುವುದು ಒಂದೇ. ಅವನೊಳಗೆ ಇಬ್ಬರಿಲ್ಲ. ಹಕ್ಕಿಗೆ ಒಬ್ಬ, ಹೊಣೆಗೆ ಇನ್ನೊಬ್ಬ ಎಂದು ಸೀಳಲು ಬರುವುದಿಲ್ಲ. ಸಾವರಿನ್ ಸಿಟಿಜನ್ ಸಿದ್ಧಾಂತದ ಪೂರಾ ಕಟ್ಟಡ ನಿಂತಿರುವುದು ಈ ಸೀಳಿನ ಮೇಲೆ.

ಈ ಕಟ್ಟಡಕ್ಕೆ ಅವರು ಹಾಕಿಕೊಂಡ ಬುನಾದಿ 1933ರದ್ದು. ಆ ವರ್ಷ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ಜನರ ಕೈಲಿದ್ದ ಚಿನ್ನದ ನಾಣ್ಯ, ಗಟ್ಟಿಗಳನ್ನು ಒಪ್ಪಿಸಬೇಕೆಂದು ಅಧ್ಯಕ್ಷ ರೂಸ್‌ವೆಲ್ಟ್ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿದರು. ಸಾಲವನ್ನು ಚಿನ್ನದಲ್ಲೇ ತೀರಿಸಬೇಕು ಎಂದು ಕರಾರುಪತ್ರಗಳಲ್ಲಿ ಇರುತ್ತಿದ್ದ ಷರತ್ತನ್ನು ಜೂನ್ 5ರಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ರದ್ದು ಮಾಡಿತು. 1935ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಎತ್ತಿಹಿಡಿಯಿತು. ಇಷ್ಟು ಇತಿಹಾಸ. ಇದರ ಮೇಲೆ ಕಟ್ಟಿದ ಕತೆ ಹೀಗೆ: ಚಿನ್ನ ಕೈಬಿಟ್ಟ ಸರ್ಕಾರ ದಿವಾಳಿಯಾಯಿತು, ಸಾಲ ಕೊಟ್ಟವರಿಗೆ ಅಡವಿಡಲು ಬೇರೇನೂ ಇಲ್ಲದೆ ಪ್ರಜೆಗಳನ್ನೇ ಅಡವಿಟ್ಟಿತು, ಪ್ರತಿ ಜನನ ಪತ್ರವೂ ಒಂದು ಅಡಮಾನ ಪತ್ರ. ಈ ಎರಡನೆಯ ಭಾಗಕ್ಕೆ ಎಲ್ಲಿಯೂ ಒಂದು ಚೂರು ಆಧಾರವಿಲ್ಲ. ಆದರೆ ಮೊದಲನೆಯ ಭಾಗ ನಿಜ, ತಾರೀಖು ನಿಜ, ಪುಸ್ತಕ ತೆಗೆದು ನೋಡಿದರೆ ಸಿಗುತ್ತದೆ. ನಿಜದ ಪಕ್ಕದಲ್ಲಿ ಕೂತ ಸುಳ್ಳನ್ನು ಗುರುತಿಸುವುದು ಬಹಳ ಕಷ್ಟ.

ಈ ಮಾತು ಯಾರ ಕಿವಿಗೆ ಇಂಪಾಯಿತು? ಕೇಳುಗರೇ, ಇಲ್ಲಿ ನೀವು ಗಮನ ಕೊಡಬೇಕು. ಅದು ಮೊದಲು ಹಬ್ಬಿದ್ದು ರೈತರ ನಡುವೆ. 1970ರ ದಶಕದಲ್ಲಿ ಅಮೆರಿಕದ ರೈತರಿಗೆ ಬ್ಯಾಂಕುಗಳು ಕರೆಕರೆದು ಸಾಲ ಕೊಟ್ಟವು. ಧಾನ್ಯಕ್ಕೆ ರಫ್ತಿನ ಬೇಡಿಕೆಯಿತ್ತು, ಜಮೀನಿನ ಬೆಲೆ ಏರುತ್ತಲೇ ಇತ್ತು. 80ರ ದಶಕ ಹುಟ್ಟುವಾಗ ಹಣದುಬ್ಬರ ತಡೆಯಲೆಂದು ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿ ದರವನ್ನು ನೂರಕ್ಕೆ 20ರ ಹತ್ತಿರ ತಂದಿತು. ರಫ್ತು ಬಿತ್ತು, ಬೆಳೆಯ ಬೆಲೆ ಬಿತ್ತು, ಜಮೀನಿನ ಬೆಲೆಯೂ ಬಿತ್ತು. ಅಯೋವಾ, ನೆಬ್ರಾಸ್ಕಾ, ಡಕೋಟಾಗಳಲ್ಲಿ ಮೂರ್ನಾಲ್ಕು ತಲೆಮಾರು ಉತ್ತ ನೆಲ ಹರಾಜಿಗೆ ಬಂತು. ರೈತರು ಆತ್ಮಹತ್ಯೆ ಮಾಡಿಕೊಂಡರು. ಅದೇ ಹೊತ್ತಿಗೆ ಊರಿನ ಸಭಾಭವನದಲ್ಲಿ ಯಾರೋ ಬಂದು, ನಿಮ್ಮ ಸಾಲವೇ ಕಾನೂನುಬಾಹಿರ, ಈ ನಮೂನೆ ತುಂಬಿ ಕಳಿಸಿದರೆ ಹರಾಜು ನಿಲ್ಲುತ್ತದೆ ಎಂದರೆ ಯಾರು ಕಿವಿಗೊಡುವುದಿಲ್ಲ?

ಹಾಗೆ ಬಂದವರಲ್ಲಿ ಪೋಸೆ ಕೊಮಿಟಾಟಸ್ ಎಂಬ ಗುಂಪಿನವರು ಮುಖ್ಯರು. 1970ರ ಆಸುಪಾಸಿನಲ್ಲಿ ಹುಟ್ಟಿದ ಈ ಗುಂಪಿನ ಪ್ರಮುಖ ಪ್ರಚಾರಕ ವಿಲಿಯಂ ಪಾಟರ್ ಗೇಲ್, ನಿವೃತ್ತ ಸೇನಾಧಿಕಾರಿ. ಅವರ ಬೋಧನೆಯಲ್ಲಿ ಜಿಲ್ಲೆಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನಿಗಿಂತ ಮೇಲಿನ ಯಾವ ಸರ್ಕಾರಕ್ಕೂ ಬೆಲೆಯಿಲ್ಲ. ಆ ಬೋಧನೆಯ ಹೊಟ್ಟೆಯಲ್ಲಿ ದ್ವೇಷವಿತ್ತು. ಸಾಲದ ಹಿಂದೆ ಯಹೂದ್ಯರ ಸಂಚಿದೆ ಎಂದು ಅವರು ಹೇಳುತ್ತಿದ್ದರು. ಬಿಳಿಯರು ಹುಟ್ಟಿನಿಂದಲೇ ನಿಜವಾದ ಪ್ರಜೆಗಳು, ಕಪ್ಪು ಜನರು ಸಂವಿಧಾನದ 14ನೆಯ ತಿದ್ದುಪಡಿಯಿಂದ ಆದ ಸರ್ಕಾರಿ ಪ್ರಜೆಗಳು ಎಂದು ಪೌರತ್ವವನ್ನೇ ಮೇಲುಕೀಳಾಗಿ ಒಡೆಯುತ್ತಿದ್ದರು.

ಆ 14ನೆಯ ತಿದ್ದುಪಡಿಯ ಮಾತು ಬಂದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋದ. ಆಫ್ರಿಕಾ ಮೂಲದವರು ಈ ದೇಶದ ಪ್ರಜೆಗಳಾಗಲಾರರು, ಆದ್ದರಿಂದ ಕೋರ್ಟಿನ ಮೆಟ್ಟಿಲೇರುವ ಹಕ್ಕೇ ಇವನಿಗಿಲ್ಲ ಎಂದು ತೀರ್ಪು ಬಂತು. ಅದನ್ನು ಅಳಿಸಲು ನಾಲ್ಕು ವರ್ಷದ ಅಂತರ್ಯುದ್ಧ ನಡೆಯಿತು, ಲಕ್ಷಾಂತರ ಜನ ಸತ್ತರು. 1868ರಲ್ಲಿ ಆ ತಿದ್ದುಪಡಿ ಬಂದು, ಅಮೆರಿಕದಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು ಎಂದಿತು, ಕಾನೂನಿನ ಸಮಾನ ರಕ್ಷಣೆ ಪ್ರತಿ ವ್ಯಕ್ತಿಗೂ ಉಂಟು ಎಂದಿತು. ವ್ಯಕ್ತಿ ಎನಿಸಿಕೊಳ್ಳಲು ಒಂದು ಜನಾಂಗ ಇಷ್ಟು ನೋವು ತಿಂದಿದೆ. ಅದನ್ನೇ ಸಂಕೋಲೆ ಎಂದು ಸಾರುವ ಸಿದ್ಧಾಂತ ನೂರು ವರ್ಷದ ನಂತರ ಅದೇ ನೆಲದಲ್ಲಿ ಹುಟ್ಟಿತು. 1990ರ ದಶಕದಿಂದೀಚೆಗೆ ಕಪ್ಪು ಅಮೆರಿಕನ್ನರ ಕೆಲವು ಗುಂಪುಗಳೂ ಇದನ್ನು ತಮ್ಮದಾಗಿಸಿಕೊಂಡವು, ತಮ್ಮ ವಿರುದ್ಧವೇ ಹೆಣೆದ ಬಲೆ ಇದೆಂದು ಗೊತ್ತಿಲ್ಲದೆ.

ಪೋಸೆಯ ಬೋಧನೆಯನ್ನು ನಂಬಿದ್ದ ಗಾರ್ಡನ್ ಕಾಲ್ ಎಂಬ ರೈತ ನಾರ್ತ್ ಡಕೋಟಾದವನು, ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದವನು. ತೆರಿಗೆ ಕಟ್ಟುವುದಿಲ್ಲ ಎಂದು ಹಟ ಹಿಡಿದು 70ರ ದಶಕದಲ್ಲೇ ಜೈಲಿಗೆ ಹೋಗಿ ಬಂದಿದ್ದ. 1983ರ ಫೆಬ್ರವರಿ 13ರಂದು ಮೆಡಿನಾ ಎಂಬ ಸಣ್ಣ ಊರಿನ ಹೊರಗೆ ಅವನನ್ನು ಹಿಡಿಯಲು ಬಂದ ಇಬ್ಬರು ಮಾರ್ಷಲ್‌ಗಳು ಗುಂಡಿಗೆ ಬಲಿಯಾದರು. ಜೂನ್‌ನಲ್ಲಿ ಆರ್ಕನ್ಸಾದ ಒಂದು ಮನೆಯಲ್ಲಿ ಅವನೂ ಸತ್ತ, ಅವನ ಜೊತೆ ಒಬ್ಬ ಶೆರಿಫ್ ಕೂಡ. 2010ರ ಮೇ ತಿಂಗಳಲ್ಲಿ ಅದೇ ಆರ್ಕನ್ಸಾದ ವೆಸ್ಟ್ ಮೆಂಫಿಸ್‌ನಲ್ಲಿ, ಮನೆ ಜಪ್ತಿಯಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂದು ಊರೂರು ಸುತ್ತಿ ಪಾಠ ಹೇಳುತ್ತಿದ್ದ ಒಬ್ಬ ತಂದೆ ಮತ್ತು ಅವನ 16 ವರ್ಷದ ಮಗ ಹೆದ್ದಾರಿಯಲ್ಲಿ ತಡೆದ ಇಬ್ಬರು ಪೊಲೀಸರನ್ನು ಕೊಂದರು. ಅದೇ ದಿನ ತಂದೆ ಮಗ ಇಬ್ಬರೂ ಪೊಲೀಸರ ಗುಂಡಿಗೆ ಸತ್ತರು. ಆ ಹುಡುಗನಿಗೆ ಹದಿನಾರು ವರ್ಷ. ಜಗತ್ತಿನ ಬಗ್ಗೆ ಅವನಿಗೆ ಯಾರು ಏನು ಹೇಳಿಕೊಟ್ಟಿದ್ದರೋ ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಇಲ್ಲಿ ನಮ್ಮ ನಾಡಿನ ಒಂದು ಚಳವಳಿಯನ್ನು ನೆನೆಯಲೇಬೇಕು. ಅಮೆರಿಕದ ರೈತ ಸಾಲದಲ್ಲಿ ಸಿಕ್ಕಿಬಿದ್ದ ಅದೇ ವರ್ಷಗಳಲ್ಲಿ ನಮ್ಮ ರೈತನೂ ಸಿಕ್ಕಿಬಿದ್ದಿದ್ದ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ಅದರ ಬೆನ್ನಿಗೇ ರಾಜ್ಯ ರೈತ ಸಂಘ ಹುಟ್ಟಿತು. ಸಾಲ ವಸೂಲಿಯ ಅಧಿಕಾರಿಗಳು ಅಪ್ಪಣೆಯಿಲ್ಲದೆ ಊರೊಳಗೆ ಬರಕೂಡದು ಎಂದು ಹಳ್ಳಿಗಳ ಮುಂದೆ ಬೋರ್ಡು ಎದ್ದವು. ಜಪ್ತಿಯಾದ ಸಾಮಾನನ್ನು ಮರುಜಪ್ತಿ ಮಾಡಿ ತಂದರು. ರೈತನಿಗೆ ನ್ಯಾಯವಾದ ಬೆಲೆ ಸಿಗದ ಮೇಲೆ ಸಾಲಗಾರ ರೈತನಲ್ಲ, ಸರ್ಕಾರವೇ ರೈತನಿಗೆ ಬಾಕಿ ಎಂದು ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ವಾದ ಮಾಡಿದರು. ಅವರು ಕಾನೂನಿನ ಮೇಷ್ಟರು. ಮೇಲುನೋಟಕ್ಕೆ ಈ ಮಾತೂ ಡಕೋಟಾದ ಮಾತಿನ ಹಾಗೇ ಕೇಳಿಸೀತು. ಆದರೆ ಅವರು ಯಾವ ರೈತನಿಗೂ, ನಿನ್ನ ಹೆಸರಿನ ನಡುವೆ ಎರಡು ಚುಕ್ಕೆ ಇಡು, ಸಾಲ ಮಾಯವಾಗುತ್ತದೆ ಎಂದು ಹೇಳಲಿಲ್ಲ. ಬೆಲೆನೀತಿ ಅನ್ಯಾಯದ್ದು, ಅದನ್ನು ಬದಲಿಸಿ ಎಂದು ಬೀದಿಯಲ್ಲಿ ನಿಂತು ಕೇಳಿದರು, ಜೈಲಿಗೆ ಹೋದರು, ಚುನಾವಣೆಗೆ ನಿಂತರು, ವಿಧಾನಸಭೆಯೊಳಗೂ ಹೋಗಿ ಕೇಳಿದರು. ಕಾನೂನನ್ನು ಎದುರಿಸುವುದಕ್ಕೂ ಕಾನೂನಿಲ್ಲ ಎಂದು ನಟಿಸುವುದಕ್ಕೂ ಇರುವ ಅಂತರ ಇದು. ಎದುರಿಸಿದವನು ಸೋತರೂ ಅವನ ಜೊತೆ ಸಾವಿರ ಜನ ಇರುತ್ತಾರೆ. ಡಕೋಟಾದ ರೈತ ಒಬ್ಬನೇ, ತನ್ನ ಅಡುಗೆಮನೆಯ ಮೇಜಿನ ಮೇಲೆ, ಯಾರೋ ಮಾರಿದ ನಮೂನೆ ತುಂಬುತ್ತ ಕೂತಿದ್ದ.

ಮಾರಿದ ಎಂದೆ. ಇದರಲ್ಲಿ ವ್ಯಾಪಾರವಿದೆ. ಮಾಂಟಾನಾ ರಾಜ್ಯದ ಜೋರ್ಡನ್ ಊರಿನ ಬಳಿ, ಜಪ್ತಿಯಾಗಿದ್ದ ಒಂದು ರಾಂಚಿನಲ್ಲಿ ಫ್ರೀಮನ್ ಎಂಬ ಹೆಸರನ್ನೇ ಇಟ್ಟುಕೊಂಡ ಒಂದು ಗುಂಪು ತಮ್ಮದೇ ಆಡಳಿತ, ತಮ್ಮದೇ ಕೋರ್ಟು ಮಾಡಿಕೊಂಡು ಕೂತಿತ್ತು. ಖೊಟ್ಟಿ ಚೆಕ್ಕುಗಳನ್ನು ಬರೆಯುವುದು ಹೇಗೆ, ನ್ಯಾಯಾಧೀಶರ ಆಸ್ತಿಯ ಮೇಲೆ ಸುಳ್ಳು ಋಣಭಾರ ದಾಖಲಿಸುವುದು ಹೇಗೆ ಎಂದು ದೂರದಿಂದ ಬಂದವರಿಗೆ ತರಗತಿ ನಡೆಸುತ್ತಿದ್ದರು. ಋಣಭಾರದ ವಿಷಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಸೈಟು ಮಾರಲು ಹೋದಾಗ ಇಸಿಯಲ್ಲಿ ಯಾರದೋ ಒಂದು ಎಂಟ್ರಿ ಕೂತಿದ್ದರೆ ಎಷ್ಟು ಅಲೆದಾಟ ನೋಡಿ. ಅಲ್ಲಿನ ಗುಮಾಸ್ತರು, ಜಡ್ಜಿಗಳು ವರ್ಷಗಟ್ಟಲೆ ಈ ಕಾಟ ಉಂಡರು. 1996ರ ಮಾರ್ಚ್‌ನಲ್ಲಿ ಗುಂಪಿನ ಮುಖಂಡನ ಬಂಧನವಾದಾಗ ಉಳಿದವರು ಬಂದೂಕು ಹಿಡಿದು ಒಳಗೆ ಕೂತರು. ಅದಕ್ಕೆ ಮೂರು ವರ್ಷ ಮೊದಲು ಟೆಕ್ಸಸ್‌ನ ವೇಕೋದಲ್ಲಿ ಇಂಥದೇ ಮುತ್ತಿಗೆ ಬೆಂಕಿಯಲ್ಲಿ ಮುಗಿದು, ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನ ಸತ್ತಿದ್ದರು. ಆದ್ದರಿಂದ ಈ ಸಲ ಎಫ್‌ಬಿಐ ಕಾದಿತು. 81 ದಿನ ಕಾದಿತು. ಮಾತುಕತೆ ಮಾಡಿತು, ಕರೆಂಟು ತೆಗೆಯಿತು, ಮತ್ತೆ ಮಾತಾಡಿತು. ಜೂನ್ 13ರಂದು ಒಂದು ಗುಂಡೂ ಹಾರದೆ ಎಲ್ಲರೂ ಹೊರಗೆ ಬಂದರು. ಪೊಲೀಸ್ ಇಲಾಖೆಯ ಚರಿತ್ರೆಯಲ್ಲಿ ಇಂಥ ತಾಳ್ಮೆಯ ಪುಟಗಳು ಕಡಿಮೆ, ಅದನ್ನು ಎತ್ತಿ ಹೇಳಬೇಕು.

ಇತ್ತೀಚಿನ ಇನ್ನೊಬ್ಬ ಬೋಧಕ ಆರೆಗನ್ ರಾಜ್ಯದ ವಿನ್‌ಸ್ಟನ್ ಶ್ರೌಟ್. ನೂರು ಲಕ್ಷಕೋಟಿ ಡಾಲರ್‌ಗೂ ಮಿಕ್ಕಿದ ಮುಖಬೆಲೆಯ ನಕಲಿ ಹಣಪತ್ರಗಳನ್ನು ತಾನೇ ತಯಾರಿಸಿ ತೆರಿಗೆ, ಸಾಲಗಳಿಗೆ ಕಟ್ಟಲು ಹೋದದ್ದಲ್ಲದೆ, ಬೇರೆಯವರಿಗೂ ದುಡ್ಡು ತಗೊಂಡು ಕಲಿಸಿದ. 2018ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು.

ಈ ವ್ಯಾಪಾರದ ಬುಡಕ್ಕೆ ಕೈಹಾಕಿದ್ದು ಕೆನಡಾದ ಒಬ್ಬ ನ್ಯಾಯಾಧೀಶರು. ಆಲ್ಬರ್ಟಾ ಪ್ರಾಂತ್ಯದ ಜಾನ್ ರೂಕ್. ಅವರ ಮುಂದೆ ಬಂದದ್ದು ಒಂದು ಮಾಮೂಲಿ ವಿಚ್ಛೇದನದ ಮೊಕದ್ದಮೆ. ಗಂಡ ತನ್ನ ಹೆಸರಿನಲ್ಲಿ ಚುಕ್ಕೆಗಳನ್ನಿಟ್ಟು, ತಾನು ಬೇರೆ ಕೋರ್ಟಿನ ಕಾಗದದಲ್ಲಿರುವ ವ್ಯಕ್ತಿ ಬೇರೆ ಎಂದು ಕಟ್ಟುಕಟ್ಟು ಕಾಗದ ತಂದಿಟ್ಟ. ಎರಡು ಸಾಲಿನಲ್ಲಿ ತಳ್ಳಿಹಾಕಿ ಮುಂದಿನ ಕೇಸು ಕರೆಯಬಹುದಿತ್ತು. ರೂಕ್ ಹಾಗೆ ಮಾಡಲಿಲ್ಲ. 2012ರ ಸೆಪ್ಟೆಂಬರ್ 18ರಂದು ಅವರು ಕೊಟ್ಟ ತೀರ್ಪಿನಲ್ಲಿ 736 ಪ್ಯಾರಾಗಳಿವೆ. ಈ ವಾದಗಳಲ್ಲಿ ಒಂದೊಂದನ್ನೂ ಹೆಕ್ಕಿ, ಇದು ಎಲ್ಲಿಂದ ಬಂತು, ಯಾರು ಮಾರುತ್ತಿದ್ದಾರೆ, ಯಾಕೆ ನಿಲ್ಲುವುದಿಲ್ಲ ಎಂದು ಬಿಡಿಸಿ ಬರೆದರು. ಕೊನೆಕೊನೆಗೆ ಅವರು ಈ ಪಾಠ ಕೊಂಡುಕೊಂಡವರ ಕಡೆಗೇ ತಿರುಗುತ್ತಾರೆ. ನಿಮ್ಮ ಗುರುವಿಗೆ ಅಪಾರ ಸಂಪತ್ತಿನ ಗುಟ್ಟು ತಿಳಿದಿದ್ದರೆ ಅವನೇ ಯಾಕೆ ಸಿರಿವಂತನಾಗಿಲ್ಲ, ತನ್ನ ವಾದವನ್ನು ತಾನೇ ಕೋರ್ಟಿಗೆ ಬಂದು ಯಾಕೆ ಮಂಡಿಸುವುದಿಲ್ಲ ಎಂದು ಕೇಳಿನೋಡಿ ಎನ್ನುತ್ತಾರೆ. ಈ ಭಾಗ ಓದುವಾಗ ನನಗೆ ತುಂಬ ಗೌರವವೆನಿಸಿತು. ನ್ಯಾಯಾಧೀಶರೊಬ್ಬರು ಸೋಲುವ ಕಕ್ಷಿದಾರನನ್ನು ಗದರಿಸದೆ, ಅವನು ಯಾರಿಂದ ಮೋಸಹೋದ ಎಂದು ವಿಚಾರಿಸುವುದು ಅಪರೂಪ. ಕೆನಡಾದ ಆಚೆಗೂ ಅನೇಕ ದೇಶಗಳ ಕೋರ್ಟುಗಳು ಆ ತೀರ್ಪನ್ನು ಇಂದು ಆಧಾರವಾಗಿ ಬಳಸುತ್ತವೆ.

ಜರ್ಮನಿಯಲ್ಲಿ ಇದಕ್ಕೆ ಬೇರೆ ವೇಷ. 1945ರಲ್ಲಿ ಸೋತ ಹಳೆಯ ರೈಖ್ ಸಾಮ್ರಾಜ್ಯವೇ ಇನ್ನೂ ಉಳಿದಿದೆ, ಈಗಿನ ಸರ್ಕಾರ ಬರೀ ಒಂದು ಕಂಪನಿ ಎನ್ನುವವರು ಅಲ್ಲಿ ರೈಖ್ಸ್‌ಬ್ಯುರ್ಗರ್‌ಗಳು. 1973ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹಳೆಯ ಜರ್ಮನ್ ರಾಜ್ಯ ಅಳಿದಿಲ್ಲ, ಈಗಿನ ಗಣರಾಜ್ಯವೇ ಅದರ ಮುಂದುವರಿಕೆ ಎಂದಿತ್ತು. ಇವರು ಮೊದಲರ್ಧ ಹೇಳಿ ಎರಡನೆಯರ್ಧ ನುಂಗುತ್ತಾರೆ. 2016ರಲ್ಲಿ ಬವೇರಿಯಾದಲ್ಲಿ ಇವರಲ್ಲೊಬ್ಬನ ಗುಂಡಿಗೆ ಒಬ್ಬ ಪೊಲೀಸ್ ಸತ್ತ ಮೇಲೆ ಸರ್ಕಾರ ಎಚ್ಚೆತ್ತಿತು. 2022ರ ಡಿಸೆಂಬರ್‌ನಲ್ಲಿ ಸುಮಾರು 3,000 ಪೊಲೀಸರು ದೇಶವಿಡೀ ದಾಳಿ ನಡೆಸಿ, ದಂಗೆಯ ಸಂಚಿನ ಆರೋಪದ ಮೇಲೆ ಹಿಡಿದವರಲ್ಲಿ ಹಳೆಯ ರಾಜಮನೆತನದ ಒಬ್ಬರಿದ್ದರು, ಸಂಸತ್ತಿನಲ್ಲಿ ಕೂತಿದ್ದ ಒಬ್ಬ ನ್ಯಾಯಾಧೀಶೆಯೂ ಇದ್ದರು. ಓದುಬರಹ ಕಡಿಮೆ ಇದ್ದವರಷ್ಟೇ ಇದಕ್ಕೆ ಬೀಳುತ್ತಾರೆ ಎನ್ನುವವರು ಇದನ್ನು ನೆನಪಿಡಬೇಕು.

ನಮ್ಮ ದೇಶದಲ್ಲೂ ಇದರ ನೆರಳಿಲ್ಲದೆ ಇಲ್ಲ. 2014ರಲ್ಲಿ ರಾಮ್‌ವೃಕ್ಷ ಯಾದವ್ ಎಂಬಾತ ತನ್ನ ಅನುಯಾಯಿಗಳನ್ನು ಕಟ್ಟಿಕೊಂಡು ಮಥುರಾದ ಜವಾಹರ್ ಬಾಗ್ ಎಂಬ ಸರ್ಕಾರಿ ತೋಟದಲ್ಲಿ ಎರಡು ದಿನದ ಧರಣಿಗೆ ಅನುಮತಿ ಪಡೆದ. ಕೂತದ್ದು ಎರಡು ವರ್ಷ. ರಾಷ್ಟ್ರಪತಿ, ಪ್ರಧಾನಿಗಳ ಚುನಾವಣೆಯೇ ಬೇಡ, ಈಗಿನ ನೋಟು ಸಲ್ಲದು, ಆಜಾದ್ ಹಿಂದ್ ಫೌಜಿನ ನಾಣ್ಯವೇ ನಿಜವಾದ ಹಣ, ಅದರ ಲೆಕ್ಕದಲ್ಲಿ ಒಂದು ರೂಪಾಯಿಗೆ 60 ಲೀಟರ್ ಡೀಸೆಲ್ ಸಿಗಬೇಕು ಎಂಬಂಥ ಬೇಡಿಕೆಗಳು ಅವರವು. ಚಿನ್ನದ ಹಣ ಹೋಗಿ ಕಾಗದದ ಹಣ ಬಂದದ್ದೇ ಮೋಸದ ಮೂಲ ಎಂಬ ಡಕೋಟಾದ ಮಾತು ಗಂಗಾ ಬಯಲಿನಲ್ಲಿ ಬೇರೆ ಭಾಷೆಯಲ್ಲಿ ಕೇಳಿಸುತ್ತದೆ. ಅಲ್ಲಿದ್ದವರು ಹೆಚ್ಚಾಗಿ ಬಡವರು, ಹೆಂಗಸರು ಮಕ್ಕಳ ಸಮೇತ ಗುಡಿಸಲು ಹಾಕಿಕೊಂಡು ಇದ್ದವರು. ಹೈಕೋರ್ಟಿನ ಆದೇಶದಂತೆ 2016ರ ಜೂನ್ 2ರಂದು ತೆರವಿಗೆ ಹೋದಾಗ ಗುಂಡು ಹಾರಿತು, ಸಿಲಿಂಡರ್‌ಗಳು ಸಿಡಿದವು. ಇಬ್ಬರು ಪೊಲೀಸ್ ಅಧಿಕಾರಿಗಳೂ ಸೇರಿ 20ಕ್ಕೂ ಹೆಚ್ಚು ಜನ ಸತ್ತರು. ಎರಡು ವರ್ಷ ಕಣ್ಣುಮುಚ್ಚಿ ಕೂತು ಒಂದೇ ಸಂಜೆ ನುಗ್ಗಿದ ಆಡಳಿತ, ಮಾಂಟಾನಾದ 81 ದಿನಗಳಿಂದ ಕಲಿಯಬೇಕಾದದ್ದು ಬಹಳ ಇತ್ತು.

ಇಂಥ ನಂಬಿಕೆ ಎಲ್ಲಿಂದ ಜೀವ ಪಡೆಯುತ್ತದೆ ಎಂದು ತಿಳಿಯಲು ಮಥುರಾಕ್ಕೂ ಹೋಗಬೇಕಿಲ್ಲ. ಯಾವುದೇ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದಡಿ ಟೈಪಿಂಗ್ ಮಾಡುವವರ ಪಕ್ಕ ಒಂದು ಗಂಟೆ ಕೂತರೆ ಸಾಕು. ಪಹಣಿಯಲ್ಲಿ ಸಣ್ಣತಾಯಮ್ಮ ಕೋಂ ಲೇಟ್ ಸಿದ್ದೇಗೌಡ ಎಂದಿದೆ, ಆಧಾರಿನಲ್ಲಿ ಬರೀ ತಾಯಮ್ಮ ಎಂದಿದೆ, ಬ್ಯಾಂಕಿನ ಪುಸ್ತಕದಲ್ಲಿ ಎಸ್. ತಾಯಮ್ಮ. ಬೆಳೆ ಪರಿಹಾರದ ಹಣ ಜಮೆಯಾಗದೆ ನಿಂತಿದೆ. ಆಕೆ ಛಾಪಾ ಕಾಗದ ಕೊಂಡು, ನೋಟರಿಯ ಮುಂದೆ ಹೆಬ್ಬೆಟ್ಟೊತ್ತಿ, ಈ ಮೂರು ಹೆಸರೂ ನನ್ನವೇ, ಮೂವರೂ ನಾನೊಬ್ಬಳೇ ಎಂದು ಪ್ರಮಾಣ ಮಾಡಬೇಕು. ಅಮೆರಿಕದ ಸಾವರಿನ್ ಸಿಟಿಜನ್ ತನ್ನ ಒಂದೇ ಹೆಸರಿನಲ್ಲಿ ಇಬ್ಬರಿದ್ದಾರೆ ಎಂದು ಪ್ರಮಾಣ ಮಾಡುತ್ತಾನೆ. ನಮ್ಮ ತಾಯಮ್ಮ ತನ್ನ ಮೂರು ಹೆಸರಿನಲ್ಲಿ ಒಬ್ಬಳೇ ಇದ್ದಾಳೆ ಎಂದು ಪ್ರಮಾಣ ಮಾಡುತ್ತಾಳೆ. ಒಂದಕ್ಷರ ಹೆಚ್ಚುಕಡಿಮೆಯಾದರೆ ಬದುಕು ನಿಲ್ಲುತ್ತದೆ ಎಂದು ಕಚೇರಿಯೇ ದಿನಾ ಕಲಿಸುತ್ತಿರುವಾಗ, ಅಕ್ಷರಕ್ಕೆ ಮಂತ್ರಶಕ್ತಿಯಿದೆ ಎಂದು ಜನ ನಂಬಿದರೆ ತಪ್ಪು ಪೂರಾ ಅವರದೇ ಎನ್ನಲು ನನ್ನಿಂದಾಗದು. ಬಾಂಡ್ ಪೇಪರಿನ ಮೇಲೆ ಬರೆದದ್ದೆಲ್ಲ ಕಾನೂನು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆ! ಬಾಂಡ್ ಪೇಪರಿನ ಮೇಲೆ ಸಹಿ ಹಾಕಿ ಮದುವೆಯಾದೆವು ಎನ್ನುವವರು, ವಿಚ್ಛೇದನವಾಯಿತು ಎನ್ನುವವರು ಕೋರ್ಟಿಗೆ ಬರುತ್ತಲೇ ಇರುತ್ತಾರೆ. ಛಾಪಾ ಕಾಗದ ಎಂದರೆ ಸರ್ಕಾರಕ್ಕೆ ಶುಲ್ಕ ಕಟ್ಟಿದ ಗುರುತು, ಅಷ್ಟೇ. ಬರೀ ಜಿಪಿಎ ಕಾಗದದಿಂದ ಸೈಟಿನ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಬೇಕಾಯಿತು. ಅಷ್ಟರಲ್ಲಿ ಎಷ್ಟೋ ಮಂದಿ ಜೀವಮಾನದ ಉಳಿತಾಯವನ್ನು ಅಂಥ ಕಾಗದಕ್ಕೆ ಸುರಿದಾಗಿತ್ತು.

ವ್ಯಕ್ತಿ ಎನಿಸಿಕೊಳ್ಳದೆ ಇರುವುದು ಬಿಡುಗಡೆಯೇ ಆಗಿದ್ದರೆ ಜಗತ್ತಿನಲ್ಲಿ ಅತ್ಯಂತ ಸ್ವತಂತ್ರರು ಯಾವ ದೇಶದ ಕಾಗದವೂ ಇಲ್ಲದ ನಿರಾಶ್ರಿತರಾಗಬೇಕಿತ್ತು. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಹೊರಗುಳಿಯಿತು. ಅಜ್ಜನ ಹೆಸರಿನ ಕಾಗುಣಿತ ಹೊಂದಲಿಲ್ಲ, ಮದುವೆಯಾಗಿ ಬಂದ ಹೆಣ್ಣಿಗೆ ತವರಿನ ದಾಖಲೆ ಸಿಗಲಿಲ್ಲ ಎಂಬಂಥ ಕಾರಣಗಳಿಗೆ ಕಂಗಾಲಾದ ಕುಟುಂಬಗಳನ್ನು ಕೇಳಿ, ಆ ಪಟ್ಟಿಯಲ್ಲಿ ಒಂದು ಹೆಸರಿನ ಬೆಲೆ ಏನು ಎಂದು ಅವರು ಹೇಳುತ್ತಾರೆ.

ನಮ್ಮ ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. ಮತದಾನದಂಥ ಕೆಲವು ಹಕ್ಕುಗಳನ್ನು ಅವರು ನಾಗರಿಕರಿಗೆ ಮೀಸಲಿಟ್ಟರು. ಆದರೆ ಸಮಾನತೆಯ 14ನೆಯ ವಿಧಿಯನ್ನೂ ಜೀವ ಮತ್ತು ಸ್ವಾತಂತ್ರ್ಯದ 21ನೆಯ ವಿಧಿಯನ್ನೂ ಯಾವುದೇ ವ್ಯಕ್ತಿಗೆ ಎಂದು ಬರೆದರು. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಓಡಿಸುತ್ತೇವೆ ಎಂಬ ಬೆದರಿಕೆ ಬಂದಾಗ, ಆ ಜನರಿಗಿನ್ನೂ ಪೌರತ್ವ ಸಿಕ್ಕಿರಲಿಲ್ಲ. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ನಾಗರಿಕನಾಗಲಿ ಆಗದಿರಲಿ ಪ್ರತಿ ಮನುಷ್ಯನ ಜೀವ ಕಾಯುವುದು ಸರ್ಕಾರದ ಹೊಣೆ ಎಂದು ತೀರ್ಪು ಕೊಟ್ಟಿತು. ಚಕ್ಮಾಗಳನ್ನು ಅಂದು ಉಳಿಸಿದ್ದು ಅವರು ವ್ಯಕ್ತಿಗಳು ಎಂಬ ಒಂದೇ ಸಂಗತಿ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಅಮೆರಿಕದ ರೈತರು ಖೊಟ್ಟಿ ನಮೂನೆಗಳನ್ನು ತುಂಬುತ್ತಿದ್ದ ಅದೇ ಕಾಲದಲ್ಲಿ, 1986ರಲ್ಲಿ, ಅಲ್ಲಿನ ಕಾಂಗ್ರೆಸ್ಸು ದಿವಾಳಿ ಕಾಯ್ದೆಗೆ 12ನೆಯ ಅಧ್ಯಾಯ ಎಂಬ ಹೊಸ ಭಾಗ ಸೇರಿಸಿತು. ಕುಟುಂಬದ ಒಕ್ಕಲುತನ ನಡೆಸುವ ರೈತ ಜಮೀನು ಉಳಿಸಿಕೊಂಡೇ, ತನ್ನ ಆದಾಯಕ್ಕೆ ತಕ್ಕಂತೆ ಮೂರರಿಂದ ಐದು ವರ್ಷದ ಕಂತಿನಲ್ಲಿ ಸಾಲ ತೀರಿಸಲು ಅದು ದಾರಿ ಮಾಡಿಕೊಟ್ಟಿತು. ರೈತ ಸಂಘಟನೆಗಳು ಹೋರಾಡಿ ತಂದ ಕಾನೂನು ಅದು. ಅದನ್ನು ಹಿಡಿದು ಹೋದವರಲ್ಲಿ ಹಲವರು ನೆಲ ಉಳಿಸಿಕೊಂಡರು. ಖೊಟ್ಟಿ ನಮೂನೆ ಹಿಡಿದು ಹೋದವರು ಬೀದಿಗೆ ಬಂದರು.

ನಮ್ಮಲ್ಲೂ ಸಾಲಗಾರರ ಪರವಾದ ಕಾನೂನುಗಳಿವೆ. ದೇವರಾಜ ಅರಸರ ಕಾಲದಲ್ಲಿ 1976ರ ಋಣ ಪರಿಹಾರ ಕಾಯ್ದೆ ಬಂತು. ಮೈಕ್ರೋಫೈನಾನ್ಸ್ ವಸೂಲಿಯವರ ಕಾಟಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ಬಂದ ಮೇಲೆ, 2025ರಲ್ಲಿ ಬಲವಂತದ ವಸೂಲಿ ತಡೆಯುವ ಕಾಯ್ದೆ ಬಂದಿದೆ. ಅದರಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡವಿದೆ. ನಿಮ್ಮ ಊರಿಗೂ ಯಾರಾದರೂ ಬಂದು, ಸಾಲವೇ ಸುಳ್ಳು, ಇಷ್ಟು ದುಡ್ಡು ಕೊಟ್ಟರೆ ಒಂದು ಕಾಗದ ಮಾಡಿಕೊಡುತ್ತೇನೆ ಎಂದರೆ, ದುಡ್ಡು ಕೊಡುವ ಮೊದಲು ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮುಂತಾದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಪುಕ್ಕಟೆ. ಉಳಿದವರಿಗೆ ಆದಾಯದ ಮಿತಿಯಿದೆ, ಆದರೆ ಸಲಹೆ ಕೇಳಲು ಯಾರೂ ಹೋಗಬಹುದು. ಹೋಗಲಾಗದಿದ್ದರೆ ಫೋನ್ ಮಾಡಿ, ಸಂಖ್ಯೆ 15100. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ. ಕಾಗದದಲ್ಲಿ ಏನು ಬರೆದಿದೆ ಎಂದು ಪೂರ್ತಿ ಓದಿ ಹೇಳಿಸಿಕೊಳ್ಳದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ.